ಹಿತ್ತಿಲ ಕೊಳದಲ್ಲಿ ನೈದಿಲೆ: ಮೈಸೂರಿನ ಒಂದು ಪ್ರಕರಣ

ಈ ಪ್ರಕರಣ ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯ ಹಿತ್ತಿಲಿಗೆ ಸೇರಿದ್ದು. 2021ರ ಅಕ್ಟೋಬರ್‌ನಲ್ಲಿ ಭಾವನವರು ಅಲ್ಲೊಂದು ಕೊಳ ಕಟ್ಟಿಸಿದರು. ಉದ್ದ ಎಂಟು ಅಡಿ, ಅಗಲ ಐದು ಅಡಿ, ಆಳ ಎರಡು ಅಡಿ. ಇಟ್ಟಿಗೆಯ ಗೋಡೆ, ಒಳಗೆ ಸಿಮೆಂಟಿನ ಗಾರೆ. ಅಂಚಿನಿಂದ ಮೂರಂಗುಲ ಕೆಳಗಿನ ತನಕ ತುಂಬಿಸಿದರೆ ಸುಮಾರು 2,000 ಲೀಟರ್ ನೀರು ಹಿಡಿಯುತ್ತದೆ. ತಾವರೆ, ನೈದಿಲೆಗಳು ನಮ್ಮ ಹವೆಯಲ್ಲೇ ಹುಟ್ಟಿ ಬೆಳೆಯುವ ಗಿಡಗಳಾದ್ದರಿಂದ ನೀರಿಗೆ ಇಳಿಸಿದರೆ ಸಾಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ಮನೆಯವರಿಗೆಲ್ಲ ಇತ್ತು. ಹದಿನಾರು ತಿಂಗಳ ನಂತರ, 2023ರ ಫೆಬ್ರವರಿಯಲ್ಲಿ ನಾನು ಹೋಗಿ ನೋಡುವ ಹೊತ್ತಿಗೆ, ಆ ಕೊಳದಲ್ಲಿ ಅರಳಿದ್ದ ಹೂವು ಒಂದೇ ಒಂದು.

ಆಗ ಕೊಳದಲ್ಲಿ ಇದ್ದದ್ದು ಇಷ್ಟು: ಚೌಕದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಂದು ಗುಲಾಬಿ ತಾವರೆ, ನರ್ಸರಿಯಿಂದ ತಂದ ಕಪ್ಪು ಕುಂಡಗಳಲ್ಲೇ ಉಳಿದಿದ್ದ ಮೂರು ನೈದಿಲೆಗಳು, ಯಾರೋ ಕೊಟ್ಟ ಒಂದು ಹಿಡಿ ಅಂತರಗಂಗೆ, ಮತ್ತು ದಿನಕ್ಕೆ ಎರಡು ಹೊತ್ತು ಕಾಳು ತಿನ್ನುತ್ತಿದ್ದ ಹನ್ನೆರಡು ಕೊಯ್ ಮೀನುಗಳು. ನೀರು ನುಗ್ಗೆಸೊಪ್ಪನ್ನು ಅರೆದು ಕಲಸಿದಂತೆ ಹಸಿರಾಗಿತ್ತು. ತಾವರೆಯದು ನಾಣ್ಯದಂಥ ಪುಟ್ಟ ತೇಲೆಲೆಗಳು ಮಾತ್ರ. ನೀರಿನಿಂದ ಮೇಲೆದ್ದು ನಿಲ್ಲುವ ಎಲೆ ಒಂದೂ ಬಂದಿರಲಿಲ್ಲ. ನೈದಿಲೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗಿತ್ತು. ನೀರಿನ ಮಟ್ಟದಲ್ಲಿ ಗೋಡೆಯ ಸುತ್ತ ಬಿಳಿಯ ಪಟ್ಟೆಯೊಂದು ಗಟ್ಟಿಯಾಗಿ ಕೂತಿತ್ತು.

"ನೀರೇ ಸರಿಯಿಲ್ಲ ಕಣಯ್ಯ, ಮೂರು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿಸ್ತೀನಿ, ನಾಲ್ಕೇ ದಿನಕ್ಕೆ ಮತ್ತೆ ಹಸಿರು" ಎಂದರು ಭಾವ. ಹೊಸ ಸಿಮೆಂಟಿನ ಸುಣ್ಣ ಇನ್ನೂ ಬಿಡುತ್ತಿದೆಯೆಂಬುದು ಅವರ ಅನುಮಾನ. ಹೊಸ ಸಿಮೆಂಟ್ ತೊಟ್ಟಿಯಿಂದ ಸುಣ್ಣ ಬಿಟ್ಟು ನೀರು ಕ್ಷಾರವಾಗುವುದು ನಿಜ. ಆದರೆ ಕಟ್ಟಿದ ಹೊಸತರಲ್ಲಿ ಬಾಳೆದಿಂಡನ್ನು ಹೆಚ್ಚಿ ಹಾಕಿ ಎರಡು ವಾರ ನೆನೆಸಿ ಚೆಲ್ಲಿದ್ದರು. ಆ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸಲ ನೀರು ಬದಲಾಗಿದೆ. ಅಷ್ಟಾದ ಮೇಲೂ ಸುಣ್ಣದ ಮೇಲೆ ತಪ್ಪು ಹೊರಿಸುವುದು ನನಗೆ ಸರಿಕಾಣಲಿಲ್ಲ. ಬಿಳಿಯ ಪಟ್ಟೆ ಕೊಳವೆಬಾವಿಯ ಗಡಸು ನೀರಿನದು.

ನಾಲ್ಕು ಪರೀಕ್ಷೆಗಳನ್ನು ಮಾಡಿದೆವು. ಯಾವುದಕ್ಕೂ ದೊಡ್ಡ ಸಲಕರಣೆ ಬೇಕಾಗಲಿಲ್ಲ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಕೊಳದ ಮೇಲೆ ನೇರ ಬಿಸಿಲು ಬಿದ್ದಿದೆಯೇ ಎಂದು ಬರೆದಿಟ್ಟೆವು. ಮೂಡಲಿಗೆ ಪಕ್ಕದವರ ಎರಡಂತಸ್ತಿನ ಮನೆ, ಪಡುವಲಿಗೆ ತಮ್ಮದೇ ಮಾವಿನ ಮರ. ಇವೆರಡರ ನಡುವೆ ಬಿಸಿಲು ಸಿಕ್ಕಿದ್ದು ಹನ್ನೊಂದರಿಂದ ಒಂದೂವರೆಯವರೆಗೆ, ಅಂದರೆ ಎರಡೂವರೆ ಗಂಟೆ. ಎರಡನೆಯದಾಗಿ, ಸ್ಟೀಲಿನ ತಟ್ಟೆಯೊಂದನ್ನು ದಾರಕ್ಕೆ ಕಟ್ಟಿ ನೀರಿಗೆ ಇಳಿಸಿ, ಅದು ಕಣ್ಣಿಗೆ ಕಾಣದಾಗುವ ಆಳವನ್ನು ಅಳೆದೆವು: ಏಳು ಅಂಗುಲ. ಮೂರನೆಯದಾಗಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಾಗದದ ಪಟ್ಟಿಗಳಿಂದ ನೋಡಿದಾಗ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಬೆಳಗ್ಗೆ ಆರಕ್ಕೆ 7.6, ಮಧ್ಯಾಹ್ನ ಮೂರಕ್ಕೆ 8.6 ಇತ್ತು. ಒಂದೇ ದಿನದಲ್ಲಿ ಇಷ್ಟು ಏರುಪೇರಾಗಲು ಕಾರಣ ಪಾಚಿ: ಹಗಲಿನಲ್ಲಿ ಅದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುತ್ತದೆ, ರಾತ್ರಿ ಉಸಿರಾಟದಲ್ಲಿ ಅದನ್ನೇ ಹೊರಬಿಡುವುದರಿಂದ ಇಳಿಯುತ್ತದೆ. ಪಾಚಿಗೂ ಗಿಡಕ್ಕೂ ಆಹಾರವಾಗುವ ನೈಟ್ರೇಟ್ ಕೊಳದಲ್ಲಿ ಮಾತ್ರವಲ್ಲ, ಕೊಳವೆಬಾವಿಯಿಂದ ಆಗತಾನೇ ಹಿಡಿದ ಬಕೆಟ್ಟಿನಲ್ಲೂ ಇತ್ತು.

ನಾಲ್ಕನೆಯದು ಮೂಗಿನ ಪರೀಕ್ಷೆ. ಒಂದು ನೈದಿಲೆಯ ಕುಂಡವನ್ನು ಮೇಲೆತ್ತಿ ಮಗುಚಿದಾಗ ಕೊಳೆತ ಮೊಟ್ಟೆಯ ವಾಸನೆ ಇಡೀ ಹಿತ್ತಿಲಿಗೆ ಹರಡಿತು. ಅಕ್ಕ ಅಡುಗೆಮನೆಯ ಕಿಟಕಿ ಮುಚ್ಚಿದಳು. ಕುಂಡದಲ್ಲಿ ಇದ್ದದ್ದು ಮಣ್ಣಲ್ಲ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ. ತಾರಸಿಯ ಗುಲಾಬಿಗೆ ಒಳ್ಳೆಯದಾದ ಈ ಮಿಶ್ರಣ ನೀರಿನಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ, ಗಂಧಕದ ಅನಿಲ ಹುಟ್ಟಿಸುತ್ತದೆ, ಬೇರನ್ನು ಸುಡುತ್ತದೆ. ಬೆಳ್ಳಗಿರಬೇಕಾದ ಬೇರುಗಳು ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಕಳಚಿಕೊಂಡು ಬರುವಂತಿದ್ದವು. ಗೊಬ್ಬರದ ಸಾರವೆಲ್ಲ ನೀರಿಗೆ ಇಳಿದು ಪಾಚಿಗೆ ಊಟವಾಗಿತ್ತು.

ಹೀಗಾಗಿ ನನ್ನ ನಿರ್ಣಯ ಭಾವನವರ ಊಹೆಗೆ ನೇರ ವಿರುದ್ಧವಾಯಿತು. ನೀರು ಹಸಿರಾಗುತ್ತಿದ್ದದ್ದು ಅದನ್ನು ಬದಲಿಸುತ್ತಿದ್ದುದರಿಂದಲೇ. ಪಾಚಿಯ ಕಣಗಳು ಅನುಕೂಲ ಸಿಕ್ಕರೆ ಒಂದೆರಡು ದಿನಗಳಲ್ಲಿ ಇಮ್ಮಡಿಯಾಗುತ್ತವೆ; ನೈದಿಲೆಗೆ ಹೊಸ ಬೇರು ಬಿಟ್ಟು ನಾಲ್ಕು ಎಲೆ ಹರಡಲು ವಾರಗಳು ಬೇಕು. ಪ್ರತಿ ಸಲ ತಿಳಿನೀರು ತುಂಬಿಸಿದಾಗ ಬಿಸಿಲು ತಳದವರೆಗೆ ಇಳಿಯುತ್ತಿತ್ತು, ಕೊಳವೆಬಾವಿಯ ನೈಟ್ರೇಟ್ ಹೊಸದಾಗಿ ಬರುತ್ತಿತ್ತು, ಗಿಡಗಳು ಅಲುಗಾಡಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಮೀನಿನ ಹಿಕ್ಕೆಯ ಅಮೋನಿಯವನ್ನು ನೈಟ್ರೈಟಾಗಿ, ಅಲ್ಲಿಂದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಗೋಡೆ ಉಜ್ಜುವಾಗ ಭಾವನವರೇ ತೊಳೆದು ಚರಂಡಿಗೆ ಬಿಡುತ್ತಿದ್ದರು. ಪಾಚಿ ಮತ್ತು ನೈದಿಲೆ ಒಂದೇ ಬಿಸಿಲಿಗೆ, ಒಂದೇ ಗೊಬ್ಬರಕ್ಕೆ ಪೈಪೋಟಿ ನಡೆಸುವ ಎರಡು ಬೆಳೆಗಳು. ಮೂರು ವಾರಕ್ಕೊಮ್ಮೆ ಆಟವನ್ನು ಹೊಸದಾಗಿ ಆರಂಭಿಸಿದರೆ ವೇಗವಾಗಿ ಬೆಳೆಯುವುದೇ ಪ್ರತಿ ಸಲ ಗೆಲ್ಲುತ್ತದೆ.

ಭಾವ ಒಪ್ಪಿದರು ಎನ್ನಲಾರೆ. "ಎರಡು ತಿಂಗಳು ನೀರು ಮುಟ್ಟಲ್ಲ, ಆಮೇಲೆ ನೋಡೋಣ" ಎಂದರು.

ಮೊದಲು ತೀರ್ಮಾನಿಸಿದ್ದು ಬಿಸಿಲಿನ ವಿಷಯ, ಏಕೆಂದರೆ ಗಿಡದ ಆಯ್ಕೆ ಅದರ ಮೇಲೆ ನಿಂತಿದೆ. ತಾವರೆಗೆ ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಬೇಕು. ಎರಡೂವರೆ ಗಂಟೆಯ ಬಿಸಿಲಿನಲ್ಲಿ ಅದು ಗೆಡ್ಡೆಯಲ್ಲಿ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ತೇಲೆಲೆಗಳನ್ನು ಬಿಡುತ್ತದೆ, ಮೇಲೇಳುವ ಎಲೆಗೆ ಬೇಕಾದ ಬಂಡವಾಳ ಉಳಿಯುವುದಿಲ್ಲ. ಚೌಕದ ತೊಟ್ಟಿ ಇನ್ನೊಂದು ಕಂಟಕ: ತಾವರೆಯ ಗೆಡ್ಡೆ ಮಣ್ಣಿನಲ್ಲಿ ಅಡ್ಡಕ್ಕೆ ಓಡುವಂಥದು, ಅದರ ಕುಡಿ ಮೂಲೆಗೆ ಹೋಗಿ ಸಿಕ್ಕಿಕೊಂಡರೆ ಮುರಿಯುತ್ತದೆ, ಕುಡಿ ಮುರಿದರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ತಾವರೆಯನ್ನು ಕೊಳದಿಂದ ಎತ್ತಿ, ಎರಡು ಅಡಿ ಅಗಲದ ದುಂಡನೆಯ ಟಬ್ಬಿನಲ್ಲಿ ಆರಂಗುಲ ಮಣ್ಣು ತುಂಬಿ, ಗೆಡ್ಡೆಯನ್ನು ಮಲಗಿಸಿ ಕುಡಿಯನ್ನು ಮಾತ್ರ ಹೊರಗೆ ಬಿಟ್ಟು, ತಾರಸಿಯಲ್ಲಿ ಕೆಳಗೆ ಗೋಡೆ ಬರುವ ಜಾಗದಲ್ಲಿ ಇಟ್ಟೆವು. ಮಣ್ಣು ನೀರು ಸೇರಿ ನೂರು ಕಿಲೋ ದಾಟುವ ಟಬ್ಬನ್ನು ತಾರಸಿಯ ನಟ್ಟನಡುವೆ ಇಡಬಾರದು. ಕೊಳವೆಂದರೆ ತಾವರೆ ಎಂಬ ನಮ್ಮ ರೂಢಿಯ ಜೋಡಿ ಇಲ್ಲಿ ಮುರಿಯಿತು. ಭಾವನವರಿಗೆ ಬೇಸರವಾದದ್ದು ಸಹಜ, ಅವರು ಕೊಳ ಕಟ್ಟಿಸಿದ್ದೇ ತಾವರೆಗಾಗಿ.

ನೈದಿಲೆಗಳಲ್ಲಿ ಆಯ್ಕೆಗೆ ಅವಕಾಶವಿದೆ. ನರ್ಸರಿಗಳಲ್ಲಿ 'ಹಾರ್ಡಿ' ಮತ್ತು 'ಟ್ರಾಪಿಕಲ್' ಎಂದು ಎರಡು ಗುಂಪುಗಳನ್ನು ಮಾರುತ್ತಾರೆ. ಹಾರ್ಡಿ ಎಂದರೆ ಗಟ್ಟಿಮುಟ್ಟು ಎಂದು ತಿಳಿದು ಜನ ಅದನ್ನೇ ಕೇಳುತ್ತಾರೆ, ಆದರೆ ಆ ಮಾತು ಹಿಮ ಬೀಳುವ ದೇಶಗಳ ಚಳಿಯನ್ನು ತಡೆಯುವ ಶಕ್ತಿಗೆ ಮಾತ್ರ ಸಂಬಂಧಿಸಿದ್ದು, ಮೈಸೂರಿನಲ್ಲಿ ಅದರಿಂದ ಲಾಭವಿಲ್ಲ. ಹಾರ್ಡಿಯ ಗೆಡ್ಡೆ ಶುಂಠಿಯಂತೆ ಅಡ್ಡಕ್ಕೆ ಹರಿಯುತ್ತದೆ, ಹೂವು ಹೆಚ್ಚಾಗಿ ನೀರಿನ ಮೇಲೆಯೇ ಕೂರುತ್ತದೆ. ಟ್ರಾಪಿಕಲ್‌ಗೆ ದುಂಡು ಗೆಡ್ಡೆ. ಹೂವು ನೀರಿನಿಂದ ಆರೇಳು ಅಂಗುಲ ಮೇಲೆದ್ದು ನಿಲ್ಲುತ್ತದೆ, ನೀಲಿ ಮತ್ತು ನೇರಳೆ ಬಣ್ಣಗಳು ಇದರ ಸೊತ್ತು. ನಮ್ಮ ಕೆರೆಗಳ ನೀಲಿ ನೈದಿಲೆ ಇದೇ ಗುಂಪಿನದು, ಹಗಲು ಅರಳುತ್ತದೆ. ಕೆರೆಗಳಲ್ಲಿ ಕಾಣುವ ದೊಡ್ಡ ಬಿಳಿ ಮತ್ತು ಕೆಂಪು ನೈದಿಲೆಗಳು ಇರುಳು ಅರಳಿ ಬಿಸಿಲೇರಿದ ಮೇಲೆ ಮುಚ್ಚುತ್ತವೆ. ನೈದಿಲೆ ಚಂದ್ರನಿಗೆ ಒಲಿದವಳೆಂದು ಹಳೆಯ ಕವಿಗಳು ಹೇಳಿದ್ದು ಇವುಗಳ ಮಟ್ಟಿಗೆ ಸಸ್ಯಶಾಸ್ತ್ರಕ್ಕೂ ಒಪ್ಪುವ ಮಾತು.

ಕಡಿಮೆ ಬಿಸಿಲಿಗೆ ನಾನು ಆರಿಸಿದ್ದು ಡಾಬೆನ್ ಎಂಬ ತಿಳಿನೀಲಿ ತಳಿ, ಎರಡು ಗಿಡ. ಆಕ್ಸ್‌ಫರ್ಡಿನಲ್ಲಿ 19ನೆಯ ಶತಮಾನದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಬೆನಿಯವರ ಹೆಸರು ಹೊತ್ತ ಈ ತಳಿ ಮೂರು ಗಂಟೆಯ ಬಿಸಿಲಿನಲ್ಲೂ ಹೂವು ಬಿಡುತ್ತದೆ, ಸಣ್ಣ ಜಾಗಕ್ಕೆ ಹೊಂದಿಕೊಳ್ಳುತ್ತದೆ. ತೊಟ್ಟು ಸೇರುವಲ್ಲಿ ಎಲೆಯ ಮೇಲೆಯೇ ಮರಿಗಿಡ ಹುಟ್ಟುವುದು ಇದರ ಇನ್ನೊಂದು ಗುಣ. ಹಳೆಯ ಮೂರರಲ್ಲಿ ಬೇರು ಉಳಿದಿದ್ದ ಒಂದು ನೀಲಿ ನೈದಿಲೆಯನ್ನು ಇಟ್ಟುಕೊಂಡೆವು. ಅಕ್ಕನ ಆಸೆಗಾಗಿ ಇರುಳರಳುವ ಒಂದು ಕೆಂಪು ನೈದಿಲೆಯನ್ನೂ ತಂದೆವು.

ಮಣ್ಣಿಗಾಗಿ ನಂಜನಗೂಡಿನ ಕಡೆಯಿಂದ ನಾಲ್ಕು ಚೀಲ ಕೆರೆಗೋಡು ತರಿಸಿದೆವು. ಹಿಡಿಯಲ್ಲಿ ಅದುಮಿದರೆ ಉಂಡೆಯಾಗುವ, ಕಸಕಡ್ಡಿ ಇಲ್ಲದ ಜಿಗುಟು ಮಣ್ಣು ನೀರುಗಿಡಕ್ಕೆ ಸರಿಯಾದದ್ದು, ಏಕೆಂದರೆ ಅದು ತೇಲುವುದಿಲ್ಲ, ಗೊಬ್ಬರವನ್ನು ಹಿಡಿದಿಟ್ಟು ಬೇರಿಗೆ ಕೊಡುತ್ತದೆ, ನೀರಿಗೆ ಬಿಡುವುದು ಕಡಿಮೆ. ಹದಿನಾಲ್ಕು ಅಂಗುಲ ಅಗಲದ, ಆಳ ಕಡಿಮೆಯಿರುವ ಕುಂಡಗಳ ತಳದಲ್ಲಿ ಎರಡು ಹಿಡಿ ಮೂಳೆಪುಡಿ, ಅದರ ಮೇಲೆ ಗೋಡು, ಮೇಲೆ ಒಂದಂಗುಲ ಜಲ್ಲಿ. ನೈದಿಲೆಯ ಸುಳಿ ಮಣ್ಣಿನಲ್ಲಿ ಹೂಳದೆ ಮೇಲೆ ಕಾಣುವಂತೆ ಇರಬೇಕು. ಹಸಿ ಸಗಣಿ ಹಾಕೋಣ ಎಂದು ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನು ವಿನಯದಿಂದ ಕೈಬಿಟ್ಟೆವು. ಅದೇ ಮೊಟ್ಟೆಯ ವಾಸನೆಗೆ ಮತ್ತೆ ದಾರಿಯಾಗುತ್ತಿತ್ತು.

ಕೊಯ್ ಮೀನು ಮಣ್ಣು ಕೆದಕುವ ಜಾತಿ, ಎರಡು ಅಡಿಯವರೆಗೆ ಬೆಳೆಯಬಲ್ಲದು. ಎರಡು ಸಾವಿರ ಲೀಟರಿಗೆ ಹನ್ನೆರಡು ಎಂದರೆ ಗಿಡಕ್ಕೆ ಬಿಡುವೇ ಇಲ್ಲ. ಅವನ್ನು ದೊಡ್ಡ ಕೊಳವಿದ್ದ ಪರಿಚಯದವರಿಗೆ ಕೊಟ್ಟು ಸೊಳ್ಳೆಯ ಮರಿಗಳಿಗಾಗಿ ಹತ್ತು ಗಪ್ಪಿ ಮೀನುಗಳನ್ನು ಬಿಟ್ಟೆವು. ಗಪ್ಪಿ ಕೂಡ ಹೊರದೇಶದ್ದೇ, ಹಾಗಾಗಿ ಹೆಚ್ಚಾದಾಗ ಕೆರೆಗೆ ಬಿಡಕೂಡದೆಂದು ಮಕ್ಕಳಿಗೆ ಹೇಳಿದೆವು. ಅಂಚಿನ ಇಟ್ಟಿಗೆಗಳ ಮೇಲೆ ಬಜೆ, ನೀರುಬ್ರಾಹ್ಮಿ ಮತ್ತು ಒಂದು ಕೆಸುವಿನ ಕುಂಡ ಬಂದವು. ಇವಕ್ಕೆ ನೆರಳು ತೊಂದರೆಯಲ್ಲ, ನೀರಿನ ನೈಟ್ರೇಟನ್ನು ಹೀರಲು ಇವು ನಿಷ್ಠೆಯಿಂದ ದುಡಿಯುತ್ತವೆ, ಕೆಸುವಿನ ಎಲೆ ಪತ್ರೊಡೆಗೂ ಆಯಿತು. ಮಾರ್ಚ್ 5ಕ್ಕೆ ಈ ಕೆಲಸವೆಲ್ಲ ಮುಗಿದು, ಕೊನೆಯ ಬಾರಿಗೆ ನೀರು ತುಂಬಿಸಿದೆವು.

ಒಂದೇ ವಾರಕ್ಕೆ ಕೊಳ ಮೊದಲಿಗಿಂತ ಕಡು ಹಸಿರಾಯಿತು. ತಟ್ಟೆ ಐದಂಗುಲಕ್ಕೇ ಮರೆಯಾಗುತ್ತಿತ್ತು. ಮೂರನೆಯ ವಾರದ ಕೊನೆಗೆ ಭಾವನವರು ಮೋಟಾರಿನ ಪೈಪನ್ನು ಕೊಳದ ಪಕ್ಕಕ್ಕೆ ತಂದಿಟ್ಟು ನನಗೆ ಫೋನ್ ಮಾಡಿದರು. ಆ ದಿನಗಳೇ ಇಡೀ ಪ್ರಕರಣದ ಕಷ್ಟದ ಘಟ್ಟ. ಮಾಡಬೇಕಾದ್ದು ಏನೂ ಇಲ್ಲದಿರುವಾಗ ಏನನ್ನೂ ಮಾಡದೆ ಇರುವುದು ಮನೆಯ ಯಜಮಾನರಿಗೆ ಸುಲಭವಲ್ಲ. ಅಷ್ಟರಲ್ಲಿ ಡಾಬೆನ್ ಗಿಡಗಳು ಆರಾರು ಎಲೆ ಬಿಟ್ಟಿದ್ದವು. ಏಪ್ರಿಲ್ 8ಕ್ಕೆ ತಟ್ಟೆ ಒಂಬತ್ತಂಗುಲದವರೆಗೆ ಕಂಡಿತು. ತಿಂಗಳ ಕೊನೆಗೆ ಎಲೆಗಳು ಅರ್ಧ ಮೇಲ್ಮೈಯನ್ನು ಮುಚ್ಚಿದ್ದವು, ನೀರು ತಿಳಿಯಾಗಿ ತಳದ ಇಟ್ಟಿಗೆ ಕಾಣುತ್ತಿತ್ತು. ಮೊದಲ ಹೂವು ಬಂದದ್ದು ಮೇ ಮೊದಲ ವಾರದಲ್ಲಿ. ತಾರಸಿಯ ತಾವರೆ ಅದಾಗಲೇ ಎಲೆಗಳನ್ನು ಕೊಡೆಯಂತೆ ಎತ್ತಿ ನಿಂತಿತ್ತು, ಮೇ ಕೊನೆಗೆ ಅದೂ ಅರಳಿತು.

ಏಪ್ರಿಲ್‌ನಲ್ಲಿ ನೀರು ಎರಡು ದಿನಕ್ಕೆ ಅರ್ಧ ಅಂಗುಲ ಇಳಿಯತೊಡಗಿದಾಗ ಕೊಳ ಸೋರುತ್ತಿದೆಯೆಂಬ ಗಾಬರಿ ಹುಟ್ಟಿತು. ಬಕೆಟ್ಟಿಗೆ ನೀರು ತುಂಬಿ ಕೊಳದೊಳಗೆ ಇಟ್ಟಿಗೆಯ ಮೇಲೆ ಇಟ್ಟು, ಒಳಗೂ ಹೊರಗೂ ಗುರುತು ಹಾಕಿದೆವು. ಎರಡರಲ್ಲೂ ಒಂದೇ ಸಮನಾಗಿ ಇಳಿಯಿತು, ಅಂದರೆ ಸೋರಿಕೆಯಲ್ಲ, ಆವಿ. ನಲವತ್ತು ಚದರಡಿಯ ಮೇಲ್ಮೈಗೆ ಇದು ದಿನಕ್ಕೆ ಇಪ್ಪತ್ತಮೂರು ಲೀಟರಿನಷ್ಟಾಗುತ್ತದೆ.

ಇಲ್ಲಿಯೇ ನನ್ನ ಸಲಹೆಯ ಮಿತಿಯೂ ಹೊರಬಿದ್ದಿತು. ಆವಿಯಾಗುವುದು ನೀರು ಮಾತ್ರ, ಸುಣ್ಣ ಮತ್ತು ಉಪ್ಪು ಕೊಳದಲ್ಲೇ ಉಳಿಯುತ್ತವೆ. ಪ್ರತಿದಿನ ಗಡಸು ನೀರನ್ನೇ ಸುರಿದರೆ ಕೊಳ ತಿಂಗಳಿಂದ ತಿಂಗಳಿಗೆ ಇನ್ನಷ್ಟು ಗಡಸಾಗುತ್ತದೆ. ಮಳೆಗಾಲದಲ್ಲಿ ತಾರಸಿಯ ನೀರು ಹರಿದು ಬಂದು ಕೊಳ ಉಕ್ಕಿ ಹೋದರೆ ಲೆಕ್ಕ ಸರಿಹೋಗುತ್ತದೆಂದು ನಾನು ಭರವಸೆ ಕೊಟ್ಟಿದ್ದೆ. ಆದರೆ ಅದು 2023. ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಬಂದ ವರ್ಷ, ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ವರ್ಷ. ಕೊಳ ಒಮ್ಮೆಯೂ ಉಕ್ಕಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಳೆಯ ಎಲೆಗಳಲ್ಲಿ ಹಳೆಯ ಹಳದಿ ಮರಳಿತು: ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಕ್ಷಾರದ ನೀರಿನಲ್ಲಿ ಗಿಡಕ್ಕೆ ಅದು ದಕ್ಕುವುದಿಲ್ಲ. ನಲ್ಲಿಯಲ್ಲಿ ಬರುವ ನದಿ ನೀರು ಮೆದುವಾದದ್ದು. ಅದನ್ನು ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಕೊಳದ ಕಾಲು ಭಾಗದಷ್ಟನ್ನು ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿದೆವು. ಬರದ ವರ್ಷದಲ್ಲಿ ಕುಡಿಯುವ ನೀರನ್ನು ಹೂವಿಗೆ ಸುರಿದದ್ದು ಅಕ್ಕನಿಗೂ ನನಗೂ ಹಿತವೆನಿಸಲಿಲ್ಲ.

ಕೆಂಪು ನೈದಿಲೆ ಸತ್ತಿತು. ತಪ್ಪು ನನ್ನದು. ಉಳಿದ ಕುಂಡಗಳನ್ನು ಇಟ್ಟಿಗೆ ಪೇರಿಸಿ ಸುಳಿಯ ಮೇಲೆ ಐದಂಗುಲ ನೀರಿರುವಂತೆ ನಿಲ್ಲಿಸಿದವನು, ಇದು ದೊಡ್ಡ ಗಿಡವೆಂದು ನೇರವಾಗಿ ತಳದಲ್ಲೇ ಇಟ್ಟೆ. ಅಲ್ಲಿ ಸುಳಿಯ ಮೇಲೆ ಹದಿಮೂರಂಗುಲ ನೀರು. ತಟ್ಟೆ ಕಾಣುತ್ತಿದ್ದದ್ದು ಐದಂಗುಲದವರೆಗೆ. ಕತ್ತಲೆಯಲ್ಲಿ ಅದು ಮೂರೇ ವಾರಕ್ಕೆ ಕೊಳೆಯಿತು. ಅಳತೆ ನನ್ನ ಪುಸ್ತಕದಲ್ಲೇ ಇತ್ತು.

ಇನ್ನೊಂದು ಅಪಾಯ ಡಾಬೆನ್ ಗಿಡಗಳ ಜೊತೆಗೇ ಬಂದಿತ್ತು. ಜೂನ್ ಹೊತ್ತಿಗೆ ಎಲೆಗಳ ನಡುವೆ ಬೆರಳುಗುರಿನಷ್ಟು ಅಗಲದ, ಜೋಡಿ ಜೋಡಿ ತೇಲು ಎಲೆಗಳ ಗಿಡವೊಂದು ಕಾಣಿಸಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ಮೇಲಿನ ಕೂದಲುಗಳು ಕಡಗೋಲಿನ ತಲೆಯಂತೆ ತುದಿಯಲ್ಲಿ ಕೂಡಿಕೊಂಡಿದ್ದವು. ಇದು ಸಾಲ್ವಿನಿಯಾ, ಬ್ರೆಜಿಲ್ ಮೂಲದ ನೀರು ಜರಿಗಿಡ. ಕೇರಳದವರು ಆಫ್ರಿಕನ್ ಪಾಯಲ್ ಎಂದು ಕರೆದು ಶಪಿಸುವ ಕಳೆ. ಬೀಜಕಣವೂ ಬೇಕಿಲ್ಲ, ಒಂದು ತುಂಡು ಉಳಿದರೆ ಮತ್ತೆ ಹರಡುತ್ತದೆ. ಬೆಂಗಳೂರಿನ ಒಂದು ನೈದಿಲೆ ಕೊಳವನ್ನೇ ಇದು ಆವರಿಸಿ ನೈದಿಲೆಯನ್ನು ಅಡಗಿಸಿದ್ದಾಗ, 1983-84ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಸಿರ್ಟೊಬೇಗಸ್ ಎಂಬ ಸಣ್ಣ ಮೂತಿಹುಳುವನ್ನು ಅಲ್ಲಿ ಬಿಡಲಾಯಿತು. ಹನ್ನೊಂದು ತಿಂಗಳೊಳಗೆ ಕಳೆ ಕುಸಿದು ನೈದಿಲೆ ಮರಳಿ ಚಿಗುರಿತು. ಎಂಟಡಿಯ ಕೊಳಕ್ಕೆ ಹುಳು ಬೇಕಿಲ್ಲ, ಟೀ ಸೋಸುವ ಜರಡಿ ಸಾಕಾಯಿತು. ಪ್ರತಿದಿನ ಬೆಳಗ್ಗೆ ಹೆಕ್ಕಿ, ಅಂತರಗಂಗೆಯ ಜೊತೆಗೆ ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿದೆವು. ಐದು ವಾರ ಹಿಡಿಯಿತು. ನರ್ಸರಿಯಿಂದ ತಂದ ನೀರುಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಿದ ಮೇಲೆಯೇ ಕೊಳಕ್ಕೆ ಇಳಿಸುವ ಕ್ರಮ ಅಂದಿನಿಂದ ಬಂದಿದೆ.

ಮಾವಿನ ಕಾಯಿ ಇಳಿಸುವ ಮುನ್ನ ಕೊಂಬೆ ಮುಟ್ಟಲು ಭಾವ ಬಿಡಲಿಲ್ಲ. ಜೂನ್ ಕೊನೆಗೆ ಪೂರ್ವಕ್ಕೆ ಚಾಚಿದ್ದ ಎರಡು ಕೊಂಬೆಗಳನ್ನು ಕಡಿಸಿದ ಮೇಲೆ ಬಿಸಿಲು ನಾಲ್ಕೂವರೆ ಗಂಟೆಗೆ ಏರಿತು. ಆಗಿನಿಂದ ನವೆಂಬರ್ ಕೊನೆಯವರೆಗೆ ಒಂದಾದರೂ ಹೂವಿಲ್ಲದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಒಂದೊಂದು ಹೂವೂ ಮೂರು ನಾಲ್ಕು ದಿನ ಅರಳಿ ಮುಚ್ಚುತ್ತದೆ. ಮೊದಲ ದಿನದ ಹೂವಿನ ಬಟ್ಟಲಲ್ಲಿ ಜೇನ್ನೊಣ ಸತ್ತು ಬಿದ್ದಿರುವುದನ್ನು ಅಕ್ಕ ಗಮನಿಸಿ ಕೇಳಿದಳು: ಆ ದಿನ ಹೂವು ಹೆಣ್ಣಾಗಿರುತ್ತದೆ, ನಡುವಿನ ಬಟ್ಟಲಲ್ಲಿ ದ್ರವ ತುಂಬಿರುತ್ತದೆ, ಪರಾಗ ಹೊತ್ತು ಬಂದ ಹುಳು ಜಾರಿ ಅದರಲ್ಲಿ ಬೀಳುತ್ತದೆ. ಮರುದಿನ ದ್ರವವಿಲ್ಲ, ಹೂವು ಪರಾಗ ಕೊಡುವ ಗಂಡಾಗಿರುತ್ತದೆ. ಇದನ್ನು ತಿಳಿದ ಮೇಲೆ ಅವಳು ಪೂಜೆಗೆ ಎರಡನೆಯ ದಿನದ ಹೂವನ್ನೇ ಕೀಳುತ್ತಾಳೆ.

ಸಸ್ಯಹೇನು ಸೆಪ್ಟೆಂಬರ್‌ನಲ್ಲಿ ಮುತ್ತಿತು. ಬೇವಿನ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟಿ ಮೀನಿಗೆ ಕಂಟಕವಾಗುವುದರಿಂದ ಪೈಪಿನ ನೀರಿನಿಂದ ಹೇನುಗಳನ್ನು ಕೊಳಕ್ಕೆ ಉದುರಿಸಿದೆವು, ಗಪ್ಪಿಗಳು ಮುಗಿಸಿದವು. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಹೊಸ ಮೊಗ್ಗು ಬರಲಿಲ್ಲ. ಮೈಸೂರಿನ ಚಳಿ ಗಿಡವನ್ನು ಕೊಲ್ಲುವಂಥದಲ್ಲ, ಆದರೆ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಟ್ರಾಪಿಕಲ್ ನೈದಿಲೆ ಸುಮ್ಮನೆ ಕೂರುತ್ತದೆ. ಆ ಆರು ವಾರ ಗೊಬ್ಬರ ಹಾಕಲಿಲ್ಲ; ಫೆಬ್ರವರಿಯಲ್ಲಿ ಚಿಗುರು ಕಂಡ ಮೇಲೆ ಒಂದು ಚಮಚ ಡಿಎಪಿ ರಸಗೊಬ್ಬರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಪ್ರತಿ ಕುಂಡದ ಅಂಚಿನಲ್ಲಿ ಬೆರಳುದ್ದ ಆಳಕ್ಕೆ ಒತ್ತಿದೆವು.

2024ರ ಬೇಸಿಗೆಯಲ್ಲಿ ಎಲೆಗಳ ಮೇಲೆ ಹುಟ್ಟಿದ ಮರಿಗಳು ಐಸ್‌ಕ್ರೀಮ್ ಡಬ್ಬಿಗಳಲ್ಲಿ ಬೀದಿಯ ಏಳು ಮನೆಗಳಿಗೆ ಹೋದವು. ಮೋಟಾರಿನ ಪೈಪು ಈಗ ತೆಂಗಿನ ಬುಡಕ್ಕೆ ಹೋಗಿದೆ. ಮಾವು ಮಾತ್ರ ಕಡಿದಲ್ಲೇ ಒತ್ತಾಗಿ ಚಿಗುರಿ ಬಿಸಿಲನ್ನು ಮತ್ತೆ ಮೂರೂವರೆ ಗಂಟೆಗೆ ಇಳಿಸಿತು. ಭಾವನವರು ಆ ಸಂಖ್ಯೆಯನ್ನು ತಾವೇ ಅಳೆದು ನನಗೆ ಕಳಿಸಿದರು, ಕಾಯಿ ಇಳಿಯುವ ತನಕ ಕೊಡಲಿ ಮುಟ್ಟುವುದಿಲ್ಲ ಎಂದೂ ಸೇರಿಸಿದರು.